ಬಂಗಾರವೂ ಭಂಗಾರವೂ: ಹೋದ ಹಣದ ಲೆಕ್ಕ, ಹೋಗಲಿರುವ ಹಣದ ಲೆಕ್ಕ

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಪ್ರತಿವರ್ಷವೂ ವೈದ್ಯಮಿತ್ರರು ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವು ಮೊದಲಾದವುಗಳ ವಿಷಯವಾಗಿ ಉಪಯುಕ್ತ ಲೇಖನಗಳನ್ನು ಬರೆಯುತ್ತಿರುವರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ನನ್ನಿಂದಲೂ ಈ ಬಾರಿ ಒಂದು ಲೇಖನವಾಗಬೇಕೆಂದು ಸಂಪಾದಕರು ಅಪ್ಪಣೆ ಮಾಡಿದಾಗ, ಠೇವಣಿಯ ಬಡ್ಡಿದರವನ್ನು ಬಿಟ್ಟು ಮತ್ತೇನನ್ನು ಬರೆಯಲಿ ಎಂದು ಯೋಚಿಸಿದೆನು. ಬಡ್ಡಿದರವಾದರೋ ಸಂಚಿಕೆ ಅಚ್ಚಾಗಿ ವಾಚಕರ ಕೈಸೇರುವಷ್ಟರಲ್ಲಿ ಬದಲಾಗಿರುತ್ತದೆ. ಆದುದರಿಂದ ಬದಲಾಗದ ಒಂದು ಲೆಕ್ಕವನ್ನು ಆರಿಸಿಕೊಂಡಿದ್ದೇನೆ. ವಾಣಿಜ್ಯ ಶಾಸ್ತ್ರವನ್ನು ಓದಿದವರಿಗೆಲ್ಲ ಇದು ಪರಿಚಿತವೇ. ಆದರೆ ಪರೀಕ್ಷೆಯಲ್ಲಿ ಇದಕ್ಕೆ ಪೂರ್ಣ ಅಂಕ ಗಳಿಸಿದ ನಾನೇ ಮನೆಗೆ ಬಂದು ಇದನ್ನು ಎಷ್ಟೋ ಸಲ ಮರೆತಿದ್ದೇನೆ. ಒಮ್ಮೆಯಂತೂ ಹಾಗೆ ಮರೆತುದರ ಫಲವನ್ನು ನನ್ನ ಮಗಳು ಅನುಭವಿಸಬೇಕಾಯಿತು.

ಅಹಮದಾಬಾದಿಗೆ ವರ್ಗವಾಗಿ ಬಂದ ಮೊದಲ ವಾರದ ಮಾತು. ಬೆಳಗಿನ ಹೊತ್ತು ಬೀದಿಯಲ್ಲಿ ಒಬ್ಬನು ‘ಭಂಗಾರ್, ಭಂಗಾರ್’ ಎಂದು ಕೂಗುತ್ತ ಹೋಗುತ್ತಿದ್ದನು. ನನ್ನ ಪತ್ನಿ ಬಾಗಿಲಿಗೆ ಬಂದು, “ಇದೇನ್ರೀ, ಈ ಊರಿನಲ್ಲಿ ಬಂಗಾರವನ್ನು ಬೀದಿಯಲ್ಲಿ ಕೂಗಿ ಮಾರುತ್ತಾರೆಯೇ?” ಎಂದು ಬೆರಗಾದಳು. ನೆರೆಮನೆಯ ಬೆನ್ ನಗುತ್ತ, ಅದು ಭಂಗಾರದ ಲಾರಿಯೆಂದು ತಿಳಿಸಿದರು. ಲಾರಿ ತುಂಬ ಬಂಗಾರವೆಂದರೆ ಕನ್ನಡಿಗರ ಗತಿಯೇನು! ಗುಜರಾತಿಯಲ್ಲಿ ಲಾರಿಯೆಂದರೆ ತಳ್ಳುಗಾಡಿ. ಭಂಗಾರವೆಂದರೆ ನಾವು ಗುಜರಿಯೆಂದು ಕರೆಯುವ ಹಳೆಯ ಮುರುಕಲು ಸಾಮಾನು. ಸಾಬರಮತಿಯ ದಡದಲ್ಲಿ, ಎಲ್ಲಿಸ್ ಸೇತುವೆಯ ಬಳಿ ಭಾನುವಾರಗಳಂದು ನೆರೆಯುವ ಹಳೆಯ ಸಾಮಾನಿನ ಸಂತೆಗೆ ಈ ಊರಿನವರೂ ಗುಜರಿ ಬಜಾರೆಂದೇ ಹೇಳುವುದನ್ನು ಕೇಳಿ ಆ ಮೇಲೆ ನಮಗೆ ಸಮಾಧಾನವಾಯಿತು.

ಆ ಭಂಗಾರದವನನ್ನು ನಾನು ಹಲವು ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ಅವನು ಸಾಮಾನನ್ನು ಎತ್ತಿ ನೋಡುತ್ತಾನೆ, ಕಬ್ಬಿಣವೋ ಹಿತ್ತಾಳೆಯೋ ಪ್ಲಾಸ್ಟಿಕ್ಕೋ ಎಂದು ಪರೀಕ್ಷಿಸುತ್ತಾನೆ, ತೂಗುತ್ತಾನೆ, ಬೆಲೆ ಹೇಳುತ್ತಾನೆ. ‘ಇದನ್ನು ಎಷ್ಟಕ್ಕೆ ಕೊಂಡಿರಿ?’ ಎಂದು ಅವನು ಇದುವರೆಗೆ ಒಮ್ಮೆಯೂ ಕೇಳಿದ್ದಿಲ್ಲ. ನಾವು ತಾವಾಗಿಯೇ ಹೇಳಿದರೂ ಅವನ ತಕ್ಕಡಿಯ ಮುಳ್ಳು ಅಲುಗುವುದಿಲ್ಲ. ರಕ್ತದೊತ್ತಡವನ್ನು ಇಳಿಸಿಕೊಳ್ಳುವ ಉತ್ಸಾಹದಿಂದ ನಾನು 18,000 ರೂಪಾಯಿ ತೆತ್ತು ಒಂದು ವ್ಯಾಯಾಮದ ಸೈಕಲನ್ನು ತಂದಿದ್ದೆನು. ನಾಲ್ಕು ತಿಂಗಳು ತುಳಿದೆನು. ಆ ಬಳಿಕ ಅದು ಒದ್ದೆ ಬಟ್ಟೆ ಹರವುವ ಸಾಧನವಾಯಿತು. ಭಂಗಾರದವನು ಅದಕ್ಕೆ 700 ರೂಪಾಯಿ ಹೇಳಿದಾಗ, “ಹದಿನೆಂಟು ಸಾವಿರದ ಸಾಮಾನು ಕಣಯ್ಯಾ!” ಎಂದು ಸಿಟ್ಟಿನಿಂದ ಅವನನ್ನು ಕಳುಹಿಸಿಬಿಟ್ಟೆನು. ಸೈಕಲು ಇನ್ನೂ ಎರಡು ವರ್ಷ ನಮ್ಮ ಕೊಠಡಿಯ ಮೂಲೆಯಲ್ಲಿ ನಿಂತಿತ್ತು.

ಭಂಗಾರದವನು ಕೇಳದ ಆ ಹದಿನೆಂಟು ಸಾವಿರಕ್ಕೆ ನಮ್ಮ ಶಾಸ್ತ್ರದಲ್ಲಿ ‘ಸಂಕ್ ಕಾಸ್ಟ್’ ಎಂದು ಹೆಸರು. ಮುಳುಗಿದ ವೆಚ್ಚವೆಂದು ನಾವು ಹೇಳಿಕೊಳ್ಳಬಹುದು. ಈಗಾಗಲೇ ವ್ಯಯವಾಗಿ, ನಾವು ಮುಂದೆ ಯಾವ ದಾರಿ ಹಿಡಿದರೂ ಹಿಂದಿರುಗಲಾರದ ಹಣವೇ ಅದು. ಇದಕ್ಕೆ ಎದುರಾದುದು ‘ರೆಲೆವೆಂಟ್ ಕಾಸ್ಟ್’, ಅಂದರೆ ಪ್ರಸ್ತುತ ವೆಚ್ಚ. ಒಂದು ವೆಚ್ಚವು ತೀರ್ಮಾನಕ್ಕೆ ಪ್ರಸ್ತುತವೆನಿಸಬೇಕಾದರೆ ಎರಡು ಲಕ್ಷಣಗಳಿರಬೇಕು. ಅದು ಇನ್ನು ಮುಂದೆ ಆಗತಕ್ಕದ್ದಾಗಿರಬೇಕು. ಮತ್ತು ನಮ್ಮ ಮುಂದಿರುವ ದಾರಿಗಳಲ್ಲಿ ಯಾವುದನ್ನು ಹಿಡಿಯುತ್ತೇವೆಂಬುದನ್ನು ಅನುಸರಿಸಿ ಅದರ ಮೊತ್ತ ಬೇರೆಯಾಗುವಂತಿರಬೇಕು. ಎರಡನೆಯ ಲಕ್ಷಣವನ್ನು ಜನರು ಸಾಮಾನ್ಯವಾಗಿ ಮರೆಯುತ್ತಾರೆ. ಮುಂದೆ ಕೊಡಬೇಕಾದ ಹಣವೇ ಆದರೂ, ಹೀಗೆ ಮಾಡಿದರೂ ಹಾಗೆ ಮಾಡಿದರೂ ಅಷ್ಟೇ ಕೊಡಬೇಕಾಗಿದ್ದರೆ, ಆ ತೀರ್ಮಾನದ ಮಟ್ಟಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾದುದಿಲ್ಲ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂಬ ಗಾದೆಯಲ್ಲಿ ನಮ್ಮ ಹಿರಿಯರು ಮೊದಲನೆಯ ಲಕ್ಷಣವನ್ನು ಹೇಳಿದ್ದಾರೆ. ಎರಡನೆಯದಕ್ಕೆ ಗಾದೆ ಇರುವುದನ್ನು ನಾನು ಕಾಣೆ.

ಈಗ ಮಗಳ ವಿಷಯ. ಅವಳಿಗೆ ಆಗ ಆರು ವರ್ಷ. ಊರಿನಲ್ಲಿ ಅಣ್ಣನ ಮಗನ ಉಪನಯನ. ಹುಬ್ಬಳ್ಳಿಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ವಾರದ ಗಾಡಿಯಲ್ಲಿ ಸ್ಥಳ ದೊರೆಯುವುದು ಎಷ್ಟು ಕಷ್ಟವೆಂಬುದನ್ನು ಗುಜರಾತಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳುಗಳ ಮೊದಲೇ ಮೂವರಿಗೂ ಟಿಕೆಟು ಮಾಡಿಸಿದ್ದೆನು. ಒಟ್ಟು 6,000 ರೂಪಾಯಿ. ಹೊರಡುವುದಕ್ಕೆ ಎರಡು ದಿನ ಮೊದಲು ಮಗುವಿಗೆ ಜ್ವರ ಬಂದಿತು. ಹೊರಡುವ ದಿನ ಬೆಳಗ್ಗೆ ನಮ್ಮ ಬಡಾವಣೆಯ ವೈದ್ಯರು, ಪ್ರಯಾಣ ಬೇಡ, ರಕ್ತ ಪರೀಕ್ಷೆ ಮಾಡಿಸಿ ನೋಡೋಣ ಎಂದರು. ನನ್ನ ಬಾಯಿಂದ ಬಂದ ಮೊದಲ ಮಾತು, “ಆರು ಸಾವಿರ ಹೋಗುತ್ತದಲ್ಲಾ ಡಾಕ್ಟರೇ” ಎಂಬುದು.

ಲೆಕ್ಕವನ್ನು ನಾನು ಅಂದು ಮಾಡಬೇಕಾಗಿದ್ದ ರೀತಿಯಲ್ಲಿ ಇಂದು ಮಾಡಿ ತೋರಿಸುತ್ತೇನೆ. ಬೆಳಗ್ಗೆ ಟಿಕೆಟನ್ನು ರದ್ದು ಮಾಡಿದ್ದರೆ ಅಂದಿನ ನಿಯಮದಂತೆ ಸುಮಾರು ಅರ್ಧ, ಅಂದರೆ 3,000 ರೂಪಾಯಿ ಹಿಂದಿರುಗುತ್ತಿತ್ತು. ಉಳಿದ 3,000 ಹೊರಟರೂ ಹೋಯಿತು, ಹೊರಡದಿದ್ದರೂ ಹೋಯಿತು. ಅದು ಮುಳುಗಿದ ವೆಚ್ಚ. ಹಾಗಾದರೆ ಹಿಂದಿರುಗಬಹುದಾಗಿದ್ದ ಆ 3,000 ಯಾವ ಪಕ್ಕಕ್ಕೆ ಸೇರಬೇಕು? ಹೊರಟರೆ ಅದು ಸಿಗುವುದಿಲ್ಲ, ಹೊರಡದಿದ್ದರೆ ಸಿಗುತ್ತದೆ. ಆದುದರಿಂದ ಅದು ಹೊರಡುವುದರ ವೆಚ್ಚ! ನಾನು ‘ಹೋಗದಿದ್ದರೆ ಆರು ಸಾವಿರ ನಷ್ಟ’ ಎಂದುಕೊಂಡಿದ್ದೆನು; ವಾಸ್ತವವಾಗಿ ‘ಹೋದರೆ ಮೂರು ಸಾವಿರ ಖರ್ಚು’ ಎಂಬುದೇ ಸರಿಯಾದ ಲೆಕ್ಕವಾಗಿತ್ತು. ಇದರ ಮೇಲೆ ಮಗುವಿನ ಆರೋಗ್ಯದ ಅಪಾಯವನ್ನೂ ಹೊರಡುವ ಪಕ್ಕದಲ್ಲಿಯೇ ಬರೆಯಬೇಕಾಗಿತ್ತು. ಬಿ.ಕಾಂ. ಪದವೀಧರನೂ ಬ್ಯಾಂಕಿನ ಅಧಿಕಾರಿಯೂ ಆದ ಮನುಷ್ಯನು ತನ್ನ ಮಗುವಿನ ವಿಷಯದಲ್ಲಿ ಜಮೆಯನ್ನು ಖರ್ಚಿನ ಕಡೆಗೆ, ಖರ್ಚನ್ನು ಜಮೆಯ ಕಡೆಗೆ ಬರೆದನು.

ನಾವು ಹೊರಟೆವು. ವಡೋದರಾ ದಾಟುವಷ್ಟರಲ್ಲಿ ಜ್ವರ ಇಳಿಯಿತು. ನೋಡು, ಬಂದದ್ದೇ ಒಳ್ಳೆಯದಾಯಿತು ಎಂದು ಪತ್ನಿಗೆ ಹೇಳಿದೆನು. ಸೂರತ್ ಕಳೆದ ಮೇಲೆ ವಾಂತಿ ಆರಂಭವಾಯಿತು, ಕೈಕಾಲು ತಣ್ಣಗಾದುವು. ರಾತ್ರಿ ಕಲ್ಯಾಣದಲ್ಲಿ ಸಾಮಾನು ಸಮೇತ ಇಳಿದು, ಗುರುತಿಲ್ಲದ ಊರಿನಲ್ಲಿ ಆಸ್ಪತ್ರೆ ಹುಡುಕಿದೆವು. ಡೆಂಗ್ಯೂ ಎಂದು ಗೊತ್ತಾಯಿತು. ಡೆಂಗ್ಯೂ ಜ್ವರದಲ್ಲಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಕಾಲವೇ ಅಪಾಯದ ಕಾಲವೆಂಬುದನ್ನು ಅಲ್ಲಿಯ ವೈದ್ಯರಿಂದ ತಿಳಿದೆನು; ಹೊಟ್ಟೆನೋವು, ಬಿಡದ ವಾಂತಿ, ತಣ್ಣನೆಯ ಕೈಕಾಲು ಕಂಡರೆ ತಡಮಾಡಬಾರದಂತೆ. ಐದು ದಿನಗಳ ಮೇಲೆ ಮಗು ಎದ್ದು ಕುಳಿತು ಇಡ್ಲಿ ಕೇಳಿದಳು. ಉಪನಯನಕ್ಕೆ ನಾವು ತಲುಪಲಿಲ್ಲ. ಆಸ್ಪತ್ರೆಯ ಬಿಲ್ಲಿನ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಅದು ಮುಳುಗಿದ ವೆಚ್ಚ.

ಓದುಬರಹ ಬಲ್ಲವರೂ ಹೀಗೇಕೆ ಮಾಡುತ್ತಾರೆಂಬುದನ್ನು ವಿದ್ವಾಂಸರು ಪರೀಕ್ಷಿಸಿ ನೋಡಿದ್ದಾರೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬಿಬ್ಬರು 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದ ನಾಟಕಮಂದಿರದಲ್ಲಿ ಇಡೀ ಋತುವಿನ ಟಿಕೆಟನ್ನು ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ಣ ಬೆಲೆಯಾದ 15 ಡಾಲರಿಗೂ, ಉಳಿದವರಿಗೆ ಮೊದಲೇ ತಿಳಿಸದೆ 2 ಅಥವಾ 7 ಡಾಲರಿನ ರಿಯಾಯಿತಿಯಲ್ಲಿಯೂ ಕೊಟ್ಟರು. ನಾಟಕಗಳು ಅವೇ, ಆಸನಗಳು ಅವೇ. ಆದರೂ ಋತುವಿನ ಮೊದಲರ್ಧದಲ್ಲಿ ಪೂರ್ಣ ಬೆಲೆ ತೆತ್ತವರು ಹೆಚ್ಚು ನಾಟಕಗಳಿಗೆ ಹಾಜರಾದರು. ಕೊಟ್ಟ ಹಣ ಮನಸ್ಸಿನಲ್ಲಿ ಕುಳಿತು ಅವರನ್ನು ಮನೆಯಿಂದ ಎಬ್ಬಿಸಿ ಕಳುಹಿಸುತ್ತಿತ್ತು.

ನಾಟಕಕ್ಕೆ ಹೋದರೆ ಹಾನಿಯಿಲ್ಲ. ಆದರೆ ಅದೇ ಮನಸ್ಸು ನಮ್ಮನ್ನು ಊಟದ ತಟ್ಟೆಯ ಮುಂದೆಯೂ ಕೂರಿಸುತ್ತದೆ. ಅಹಮದಾಬಾದಿನ ಥಾಲಿ ಊಟದ ಮನೆಗಳಲ್ಲಿ ಒಮ್ಮೆ ಹಣ ಕೊಟ್ಟ ಮೇಲೆ ಬೇಕಾದಷ್ಟು ಬಡಿಸುತ್ತಾರೆ. ಹೊಟ್ಟೆ ತುಂಬಿದ ಬಳಿಕವೂ ‘ಕೊಟ್ಟ ಹಣಕ್ಕೆ ನ್ಯಾಯವಾಗಬೇಡವೇ’ ಎಂದು ಇನ್ನೆರಡು ಪೂರಿ, ಇನ್ನೊಂದು ಬಟ್ಟಲು ಬಾಸುಂದಿ ಹಾಕಿಸಿಕೊಳ್ಳುವ ಮಧುಮೇಹದ ಸ್ನೇಹಿತರು ನಮ್ಮಲ್ಲಿ ಕಡಿಮೆಯಿಲ್ಲ. ಥಾಲಿಯ ಬೆಲೆ ಬಾಗಿಲಿನಲ್ಲಿಯೇ ಮುಳುಗಿತು. ಆ ಎರಡು ಪೂರಿಗಳ ಪ್ರಸ್ತುತ ವೆಚ್ಚವನ್ನು ಮರುದಿನ ಬೆಳಗ್ಗೆ ರಕ್ತಪರೀಕ್ಷೆಯ ಚೀಟಿ ತಿಳಿಸುತ್ತದೆ. ತಟ್ಟೆಯಲ್ಲಿ ಅನ್ನ ಬಿಡಬಾರದೆಂಬ ಹಿರಿಯರ ನಿಯಮ ದೊಡ್ಡದೇ. ಆದರೆ ಆ ನಿಯಮವನ್ನು ಬಡಿಸಿಕೊಳ್ಳುವಾಗ ನೆನೆಯಬೇಕು.

ಇನ್ನು ದೊಡ್ಡ ಉದಾಹರಣೆಗಳಿಗೆ ಬರೋಣ. ಇಂಗ್ಲಿಷಿನಲ್ಲಿ ಗಣಿಯ ಬಾವಿಯನ್ನು ನೆಲದೊಳಕ್ಕೆ ಇಳಿಸುವುದಕ್ಕೂ ‘ಸಿಂಕ್’ ಎಂಬ ಮಾತನ್ನೇ ಬಳಸುತ್ತಾರೆ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಬಾವಿಗಳನ್ನು ಇಳಿಸುತ್ತ ಹೋಯಿತು. ಚಾಂಪಿಯನ್ ರೀಫ್ ಗಣಿಯ ಆಳವು ಕಡೆಗೆ ಮೂರು ಕಿಲೋಮೀಟರನ್ನು ಮೀರಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ತನ್ನು ಒಯ್ದರು. ಇಷ್ಟೆಲ್ಲ ಶ್ರಮ, ಹಣ, ಪ್ರಾಣಗಳನ್ನು ಒಳಗೊಂಡ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಆಳಕ್ಕೆ ಹೋದಂತೆ ಅದಿರಿನಲ್ಲಿ ಚಿನ್ನದ ಅಂಶ ಕಡಿಮೆಯಾಯಿತು, ತೆಗೆಯುವ ಖರ್ಚು ಹೆಚ್ಚಿತು. ತೆಗೆದ ಚಿನ್ನದ ಬೆಲೆಗಿಂತ ತೆಗೆಯುವ ವೆಚ್ಚವೇ ಮೇಲಾಯಿತು. ನೂರಿಪ್ಪತ್ತು ವರ್ಷ ತೋಡಿದ್ದೇವೆಂಬುದು ಮರುದಿನ ತೋಡಬೇಕೆಂಬುದಕ್ಕೆ ಕಾರಣವಾಗಲಾರದು. ಕೆಲಸ ಕಳೆದುಕೊಂಡ ಕುಟುಂಬಗಳ ಸಂಕಟವಾದರೋ ಮುಂದಿನದು, ಪ್ರಸ್ತುತವಾದುದು. ಅದನ್ನು ಲೆಕ್ಕದಲ್ಲಿ ಎಷ್ಟರಮಟ್ಟಿಗೆ ಹಿಡಿದರೆಂಬುದು ಬೇರೆಯೇ ಪ್ರಶ್ನೆ.

ಇದೇ ಗಣಿಗಳಿಂದ ಕಲಿಯಬೇಕಾದ ಇನ್ನೊಂದು ಅಂಶವಿದೆ. ಅದಿರನ್ನು ಪುಡಿಮಾಡಿ ಚಿನ್ನವನ್ನು ಬೇರ್ಪಡಿಸಿದ ಬಳಿಕ ಉಳಿದ ಮಣ್ಣು ಅಲ್ಲಿ ಬೆಟ್ಟಗಳಂತೆ ಬಿದ್ದಿದೆ. ಸೈನೈಡ್ ದಿಬ್ಬಗಳೆಂದು ಜನ ಕರೆಯುತ್ತಾರೆ. ಆ ಮಣ್ಣಿನಲ್ಲಿ ಅತ್ಯಲ್ಪ ಪ್ರಮಾಣದ ಚಿನ್ನ ಇನ್ನೂ ಉಳಿದಿದೆ. ಅದನ್ನು ಮತ್ತೆ ಸಂಸ್ಕರಿಸುವ ವಿಚಾರ ಮೇಲಿಂದ ಮೇಲೆ ಬರುತ್ತಿರುವುದೇಕೆ? ಪಾತಾಳದಿಂದ ಅದನ್ನು ಮೇಲಕ್ಕೆ ತಂದ ಖರ್ಚು, ಪುಡಿಮಾಡಿದ ಖರ್ಚು ಎಲ್ಲವೂ ಮುಳುಗಿಯಾಗಿದೆ. ಇಂದು ಲೆಕ್ಕಕ್ಕೆ ಬರುವುದು ಸಂಸ್ಕರಿಸುವ ಖರ್ಚು ಮತ್ತು ಪರಿಸರದ ಕಾಳಜಿಯ ಖರ್ಚು ಮಾತ್ರ. ಅಂದರೆ, ಮುಳುಗಿದ ವೆಚ್ಚವನ್ನು ಬಿಟ್ಟುಬಿಡುವುದರಿಂದ ಯಾವಾಗಲೂ ‘ಮುಚ್ಚು’ ಎಂಬ ಉತ್ತರವೇ ಬರುತ್ತದೆಂದು ತಿಳಿಯಬಾರದು. ಕೆಲವೊಮ್ಮೆ ‘ಮುಂದುವರಿಸು’ ಎಂದೂ ಬರುತ್ತದೆ. ಮುಕ್ಕಾಲು ಪಾಲು ಕಟ್ಟಿದ ಮನೆಗೆ ಇನ್ನು ಕಾಲು ಪಾಲು ಖರ್ಚು ಮಾಡಿದರೆ ಪೂರ್ತಿ ಮನೆ ದೊರೆಯುತ್ತದೆ. ಕಟ್ಟಿದ ಮುಕ್ಕಾಲಕ್ಕೆ ಹೆಚ್ಚು ತೆತ್ತೆವೆಂಬ ಕೋಪದಿಂದ ನಿಲ್ಲಿಸಿಬಿಡುವುದೂ ತಪ್ಪೇ.

ನಾವಿರುವ ಊರುಗಳಲ್ಲಿಯೂ ಈ ಪಾಠ ಬೀದಿಬೀದಿಯಲ್ಲಿದೆ. ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲರ ಮೊದಲ ಬಟ್ಟೆ ಗಿರಣಿ 1861ರಲ್ಲಿ ಆರಂಭವಾಯಿತು. 1980ರ ದಶಕದಿಂದ ಗಿರಣಿಗಳು ಒಂದರ ಮೇಲೊಂದು ಮುಚ್ಚಿದಾಗ ಯಂತ್ರಗಳಿಗೆ ಲೆಕ್ಕದ ಪುಸ್ತಕದಲ್ಲಿ ಒಂದು ಬೆಲೆ, ಭಂಗಾರದ ಪೇಟೆಯಲ್ಲಿ ಇನ್ನೊಂದು ಬೆಲೆ. ತೀರ್ಮಾನಕ್ಕೆ ಬೇಕಾದುದು ಎರಡನೆಯದು. ಗಿರಣಿಯ ಅಡಿಯಲ್ಲಿದ್ದ ನೆಲ ಎಂದೋ ಅಗ್ಗದಲ್ಲಿ ಕೊಂಡದ್ದು; ಪುಸ್ತಕದಲ್ಲಿ ಅದರ ಬೆಲೆ ಅಲ್ಪ. ಆದರೆ ನಗರ ಬೆಳೆದು ಅದರ ಸುತ್ತ ನಿಂತಿತ್ತು. ಆ ನೆಲದಿಂದ ಬೇರೆ ರೀತಿಯಲ್ಲಿ ಇಂದು ಏನು ದೊರೆಯಬಹುದೆಂಬುದೂ ಒಂದು ವೆಚ್ಚವೇ. ಅದನ್ನು ಅವಕಾಶ ವೆಚ್ಚವೆನ್ನುತ್ತಾರೆ. ಪುಸ್ತಕದಲ್ಲಿ ಎಲ್ಲಿಯೂ ಬರೆಯದಿದ್ದರೂ ಇದು ಪ್ರಸ್ತುತ ವೆಚ್ಚ. ಸೂರತ್ತಿನಲ್ಲಿ ಹಳೆಯ ಲಾಳಿಯ ಪವರ್‌ಲೂಮುಗಳನ್ನು ಕಿಲೋ ಲೆಕ್ಕದಲ್ಲಿ ಮಾರಿ ವಾಟರ್‌ಜೆಟ್ ಮಗ್ಗಗಳನ್ನು ತರಿಸಿದ ವ್ಯಾಪಾರಿಗಳನ್ನು ನಾನು ಬಲ್ಲೆ. ಮಗ್ಗಕ್ಕೆ ಎಷ್ಟು ಕೊಟ್ಟಿದ್ದಿರಿ ಎಂದು ಕೇಳಿದರೆ ಅವರಿಗೆ ನೆನಪೇ ಇರುವುದಿಲ್ಲ. ಈ ಮರೆವು ನಮ್ಮವರಿಗೆ ಸುಲಭವಾಗಿ ಬಾರದು.

ನನ್ನ ಸೈಕಲಿನ ವಿಷಯ ಇತ್ಯರ್ಥವಾದುದೂ ಈ ಅವಕಾಶ ವೆಚ್ಚದಿಂದಲೇ. ಮಗಳಿಗೆ ಓದಲು ಮೇಜು ಬೇಕಾಯಿತು, ಮನೆಯಲ್ಲಿ ಸ್ಥಳವಿರಲಿಲ್ಲ. ಭಂಗಾರದವನು ಈ ಬಾರಿ 500 ಕೊಟ್ಟನು.

ಇದಿಷ್ಟೂ ನಗುತ್ತ ಹೇಳಬಹುದಾದ ಮಾತು. ಮುಂದಿನದು ಹಾಗಲ್ಲ. ಸೂರತ್ತಿನ ಬಟ್ಟೆ ಮಾರುಕಟ್ಟೆಗಳಿರುವ ರಿಂಗ್ ರೋಡಿನ ಆಸುಪಾಸಿನಲ್ಲಿ ಕುಂದಾಪುರದ ಕಡೆಯ ಸ್ನೇಹಿತರೊಬ್ಬರು ಇಡ್ಲಿ-ದೋಸೆಯ ಹೋಟೆಲು ತೆರೆದಿದ್ದರು. ಅವರ ಅನುಮತಿ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಹಾಕಿದ ಬಂಡವಾಳ 14 ಲಕ್ಷ: ಕಟ್ಟಡದ ಮಾಲಿಕರಿಗೆ ಮುಂಗಡ ಠೇವಣಿ 3 ಲಕ್ಷ, ಪಾತ್ರೆ-ಗ್ರೈಂಡರು-ಮೇಜು-ಕುರ್ಚಿಗಳಿಗೆ 6 ಲಕ್ಷ, ಒಳಗಿನ ಅಲಂಕಾರ ಇತ್ಯಾದಿಗೆ 5 ಲಕ್ಷ. ಇದರಲ್ಲಿ ಸ್ವಲ್ಪ ಸಾಲ, ಸ್ವಲ್ಪ ಅವರ ಅಣ್ಣ ತೋಟದ ಒಂದು ಭಾಗ ಮಾರಿ ಕೊಟ್ಟದ್ದು. ಎರಡು ವರ್ಷಗಳಾದರೂ ಹೋಟೆಲು ಕೈಗೆ ಹತ್ತಲಿಲ್ಲ. ಒಂದು ಸಂಜೆ ಲೆಕ್ಕದ ಪುಸ್ತಕ ಹಿಡಿದು ನನ್ನಲ್ಲಿಗೆ ಬಂದರು.

ತಿಂಗಳ ವ್ಯಾಪಾರ 2,40,000. ದಿನಸಿ, ಗ್ಯಾಸು, ಸಂಬಳ, ವಿದ್ಯುತ್ತು ಸೇರಿ 2,05,000. ಬಾಡಿಗೆ 60,000. ಅಲ್ಲಿಗೆ 25,000 ನಷ್ಟ. ಅದರ ಮೇಲೆ ಅವರು ಸಾಲದ ಕಂತೆಂದು 12,000, ಅಲಂಕಾರದ ಸವಕಳಿಯೆಂದು 10,000 ಬರೆದು ತಿಂಗಳಿಗೆ 47,000 ನಷ್ಟ ತೋರಿಸಿದ್ದರು. ನಾನು ಕೊನೆಯ ಎರಡನ್ನೂ ಹೊಡೆದುಹಾಕಿದೆನು. ಅಲಂಕಾರದ ಹಣ ಮುಳುಗಿದ್ದು. ಸಾಲದ ಕಂತು ಹೋಟೆಲು ನಡೆಸಿದರೂ ಮುಚ್ಚಿದರೂ ಕಟ್ಟತಕ್ಕದ್ದು. ನಷ್ಟ 25,000ಕ್ಕೆ ಇಳಿದುದನ್ನು ಕಂಡು ಅವರ ಮುಖ ಅರಳಿತು. ಆದರೆ ಪುಸ್ತಕದಲ್ಲಿ ಇಲ್ಲದ ಒಂದು ಬಾಬನ್ನು ಸೇರಿಸಬೇಕಾಗಿತ್ತು. ವಡೋದರಾದ ಹೋಟೆಲೊಂದರ ಮಾಲಿಕರು ಅವರನ್ನು 35,000 ಸಂಬಳಕ್ಕೆ ಮ್ಯಾನೇಜರಾಗಿ ಬರಲು ಕರೆದಿದ್ದರು. ಬೆಳಗಿನ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ತಮ್ಮ ಹೋಟೆಲಿನಲ್ಲಿ ದುಡಿಯುವುದಕ್ಕೆ ಅವರು ತಮಗೆ ಕಾಸೂ ಬರೆದುಕೊಂಡಿರಲಿಲ್ಲ. ಅದನ್ನು ಸೇರಿಸಿದರೆ ನಷ್ಟ ತಿಂಗಳಿಗೆ 60,000.

ಬಾಡಿಗೆಯ ಕರಾರಿನಂತೆ ಇನ್ನು ಮೂರು ತಿಂಗಳ ಬಾಡಿಗೆಯನ್ನು ಬಿಟ್ಟುಹೋದರೂ ಕೊಡಲೇಬೇಕಾಗಿತ್ತು. ಆದುದರಿಂದ ಆ ಮೂರು ತಿಂಗಳ ಮಟ್ಟಿಗೆ ಬಾಡಿಗೆಯೂ ಅಪ್ರಸ್ತುತ. ಅಷ್ಟು ಕಾಲ ಹೋಟೆಲು ನಡೆಸಿದರೆ ಬಾಡಿಗೆಗೆ ಮೊದಲು ಉಳಿಯುವುದು 35,000. ವಡೋದರಾದಲ್ಲಿ ಸಿಗುವುದೂ 35,000. ಎರಡೂ ಸಮ. ನಾನು ಹೇಳಿದ್ದು ಇಷ್ಟು: “ಗಡಿಬಿಡಿ ಬೇಡ, ಮೂರು ತಿಂಗಳು ನಡೆಸಿ. ಅಷ್ಟರಲ್ಲಿ ಸಾಮಾನಿಗೆ ಗಿರಾಕಿ ಹುಡುಕಿ. ನಾಲ್ಕನೆಯ ತಿಂಗಳಿಗೆ ಕಾಲಿಡಬೇಡಿ. ಠೇವಣಿಯ ಮೂರು ಲಕ್ಷ ಮುಳುಗಿದ್ದಲ್ಲ, ಕೈಗೆ ಬರುವ ಹಣ, ಅದನ್ನು ಉಳಿಸಿಕೊಳ್ಳಿ.” ಅಂದು ಸಾಮಾನಿಗೆ 2,10,000 ಕೊಡಲು ಒಬ್ಬ ವ್ಯಾಪಾರಿ ಸಿದ್ಧನಾಗಿದ್ದನು.

ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. “ಸಾರ್, ನಿಮ್ಮ ಲೆಕ್ಕ ಸರಿ. ಆದರೆ ಹದಿನಾಲ್ಕು ಲಕ್ಷ ಹಾಕಿದ್ದೇನಲ್ಲ. ಈಗ ಬಿಟ್ಟರೆ ಅಷ್ಟೂ ಹೋದಂತೆಯೇ ಅಲ್ಲವೇ?” ಎಂದರು. ಹೋಗಿಯಾಗಿದೆ ಎಂದು ನಾನು ಹೇಳಿದೆನು. ಹಾಗೆ ಹೇಳಬಾರದಿತ್ತೇನೋ.

ಮತ್ತೆ 19 ತಿಂಗಳು ಅವರು ಹೋಟೆಲನ್ನು ನಡೆಸಿದರು. ಪತ್ನಿಯ ಒಡವೆಗಳು ಒಂದೊಂದಾಗಿ ಗಿರವಿಗೆ ಹೋದುವು, ಕರಿಮಣಿಯೊಂದು ಉಳಿಯಿತು. ಬಾಡಿಗೆ ಐದು ತಿಂಗಳದ್ದು ನಿಂತಾಗ 3 ಲಕ್ಷ ಠೇವಣಿ ಅದಕ್ಕೆ ಸರಿಹೋಯಿತು. ಸಾಮಾನಿಗೆ ಕಡೆಗೆ ಬಂದದ್ದು 80,000. ದೊಡ್ಡ ಗ್ರೈಂಡರು ಭಂಗಾರಕ್ಕೇ ಹೋಯಿತು. ನಾಲ್ಕನೆಯ ತಿಂಗಳಿನಿಂದ ಲೆಕ್ಕ ಹಾಕಿದರೆ, 16 ತಿಂಗಳಿಗೆ ಕೈಯಿಂದ ಹೋದದ್ದು 4 ಲಕ್ಷ, ಬಾರದೆ ಹೋದ ಸಂಬಳ 5,60,000. ಒಟ್ಟು 9,60,000, ಮುಳುಗಿದ್ದನ್ನು ಎತ್ತಲು ಹೋಗಿ ಮುಳುಗಿಸಿದ್ದು. ಈ ಅವಧಿಯಲ್ಲಿ ಅವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನಕ್ಕೆ ಎರಡರ ಬದಲು ಒಂದಕ್ಕೆ ಇಳಿಸಿದ್ದರೆಂದು ಆಮೇಲೆ ಗೊತ್ತಾಯಿತು. ಪಾದದ ಹುಣ್ಣು ಮಾಯಲು ಎಂಟು ತಿಂಗಳು ಹಿಡಿಯಿತು.

ನಾನು ಅಂಕಿಗಳನ್ನು ಸರಿಯಾಗಿಯೇ ಬರೆದುಕೊಟ್ಟಿದ್ದೆನು. ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ಆ ಹದಿನಾಲ್ಕು ಲಕ್ಷವಾಗಿರಲಿಲ್ಲ, ತೋಟ ಮಾರಿದ ಅಣ್ಣನ ಮುಖವಾಗಿತ್ತು ಎಂಬುದನ್ನು ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಹೋಟೆಲು ನಡೆಯುತ್ತಿರುವವರೆಗೆ ಸೋತೆನೆಂದು ಊರಿನಲ್ಲಿ ಹೇಳಬೇಕಾಗಿಲ್ಲ. ಬಾಗಿಲು ಹಾಕಿದ ದಿನ ಹೇಳಬೇಕು. ಊರಿನಿಂದ ಸಾವಿರ ಮೈಲಿ ದೂರ ಬಂದವರಿಗೆ ಈ ಭಾರ ಇನ್ನೂ ಹೆಚ್ಚು. ಅಂದು ನಾನು ಅವರ ಅಣ್ಣನಿಗೆ ಒಂದು ಫೋನು ಮಾಡಿಸಿದ್ದರೆ ಲೆಕ್ಕದ ಚೀಟಿಗಿಂತ ಹೆಚ್ಚು ಉಪಕಾರವಾಗುತ್ತಿತ್ತು. ಅಣ್ಣನಿಗೆ ವಿಷಯ ತಿಳಿದಾಗ, “ಮೊದಲೇ ಬರಬಾರದಿತ್ತೇ ಮಾರಾಯ” ಎಂದಿಷ್ಟೇ ಅಂದರಂತೆ. ಸ್ನೇಹಿತರು ಈಗ ವಡೋದರಾದಲ್ಲಿ ಅದೇ ಮಾಲಿಕರಲ್ಲಿ ಮ್ಯಾನೇಜರಾಗಿದ್ದಾರೆ.

ನಾವು ಬ್ಯಾಂಕಿನವರೇನೂ ಇದಕ್ಕೆ ಹೊರತಲ್ಲ. ಕೊಟ್ಟ ಸಾಲ ಮುಳುಗುತ್ತಿರುವಾಗ ಅದನ್ನು ಉಳಿಸಲೆಂದು ಅದೇ ಸಾಲಗಾರನಿಗೆ ಮತ್ತಷ್ಟು ಸಾಲ ಕೊಡುವ ಚಪಲ ನಮ್ಮ ವೃತ್ತಿಯ ಹಳೆಯ ವ್ಯಾಧಿ. 1908ರಲ್ಲಿ ಸಯಾಜಿರಾವ್ ಗಾಯಕವಾಡರು ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದಲ್ಲಿ ನಮ್ಮ ವಿಜಯಾ ಬ್ಯಾಂಕೂ ದೇನಾ ಬ್ಯಾಂಕೂ 2019ರ ಏಪ್ರಿಲ್ 1ರಂದು ವಿಲೀನವಾದುವು. ಇಂಥ ವಿಲೀನಗಳಲ್ಲಿ ಒಂದೇ ಬೀದಿಯ ಎರಡು ಶಾಖೆಗಳಲ್ಲಿ ಯಾವುದನ್ನು ಉಳಿಸಬೇಕೆಂಬ ಪ್ರಶ್ನೆ ಬಂದಾಗ, ಯಾವುದಕ್ಕೆ ಹೊಸದಾಗಿ ಅಮೃತಶಿಲೆ ಹಾಸಿದ್ದೇವೆಂದು ನೋಡತಕ್ಕದ್ದಲ್ಲ. ಮುಂದಿನ ಬಾಡಿಗೆ ಎಷ್ಟು, ಗ್ರಾಹಕರಿಗೆ ಅನುಕೂಲ ಯಾವುದು ಎಂದು ನೋಡಬೇಕು.

ಠೇವಣಿಯ ಬಗ್ಗೆಯೂ ಒಂದು ಮಾತು. ಆಸ್ಪತ್ರೆಯ ಖರ್ಚಿಗೆ ಹಣ ಬೇಕಾದಾಗ, ಇಷ್ಟು ವರ್ಷ ಕಾಪಾಡಿದ ಠೇವಣಿಯನ್ನು ಮುಟ್ಟಬಾರದೆಂದು ಶೇಕಡಾ 13ರ ಬಡ್ಡಿಗೆ ಸಾಲ ಮಾಡುವವರಿದ್ದಾರೆ. ಕಾಪಾಡಿದ ವರ್ಷಗಳನ್ನು ಲೆಕ್ಕಿಸಬಾರದು. ಠೇವಣಿಗೆ ಶೇಕಡಾ 7 ಬರುತ್ತಿದ್ದರೆ, ಆ ಸಾಲದ ನಿಜವಾದ ಹೊರೆ ಶೇಕಡಾ 6. ಅದೇ ಠೇವಣಿಯ ಆಧಾರದ ಮೇಲೆ ಸಾಲ ಪಡೆದರೆ ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ ಶೇಕಡಾ 1ರಿಂದ 2ರಷ್ಟು ಮಾತ್ರ ಹೆಚ್ಚು ಬಡ್ಡಿ. ಶಾಖೆಯಲ್ಲಿ ಕೇಳಿದರೆ ಹೇಳುತ್ತಾರೆ, ಕೇಳುವವರು ಕಡಿಮೆ.

ಹಿಂದಿನದನ್ನೆಲ್ಲ ಮರೆಯಬೇಕೆಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ಊರಿನ ಹಳೆಯ ಮನೆಗೆ ವರ್ಷವರ್ಷ ಹೆಂಚು ಹೊದಿಸುವುದು ಲಾಭವಲ್ಲವೆಂದು ನನಗೂ ಗೊತ್ತು; ತಾಯಿ ಅಲ್ಲಿ ಇರುವವರೆಗೆ ಹೊದಿಸುತ್ತೇನೆ. ಅದು ಮುಂದಿನ ಸುಖಕ್ಕೆ ಕೊಡುವ ಬೆಲೆ, ಹಿಂದಿನ ಖರ್ಚಿನ ಸಮರ್ಥನೆಯಲ್ಲ. ಅಲ್ಲದೆ, ಕಳೆದುಹೋದ ಹಣವು ಕೆಲವು ಸಲ ಕೋಲಾರದ ದಿಬ್ಬಗಳಂತೆ ಏನನ್ನಾದರೂ ಬಿಟ್ಟು ಹೋಗಿರುತ್ತದೆ. ಹಣವನ್ನು ಮರೆಯಬೇಕು, ಬಿಟ್ಟುಹೋದುದನ್ನು ಮರೆಯಬಾರದು. ಆರೋಗ್ಯ ವಿಮೆಯಲ್ಲಿ ಇದು ಬಹಳ ಮುಖ್ಯ.

ಕಳೆದ ರಾಜ್ಯೋತ್ಸವದ ಸಮಾರಂಭದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, ವಯಸ್ಸು 61, ನನ್ನನ್ನು ಪಕ್ಕಕ್ಕೆ ಕರೆದು, “ರಾಯರೇ, ಐದು ವರ್ಷದಿಂದ ಆರೋಗ್ಯ ವಿಮೆಯ ಕಂತು ಕಟ್ಟುತ್ತಿದ್ದೇನೆ. ಒಂದು ಪೈಸೆ ಕ್ಲೇಮು ಮಾಡಿಲ್ಲ. ಎಲ್ಲಾ ವ್ಯರ್ಥವಾಯಿತು. ಈ ವರ್ಷ ನಿಲ್ಲಿಸಿಬಿಡೋಣವೆಂದಿದ್ದೇನೆ” ಎಂದರು. ಕಟ್ಟಿದ ಕಂತುಗಳು ಮುಳುಗಿದುವೆಂಬುದು ಸರಿ. ಹೋಟೆಲಿನ ಸ್ನೇಹಿತರು ಹೋದ ಹಣಕ್ಕಾಗಿ ಮುಂದುವರಿಸಿದರು, ಇವರು ಹೋದ ಹಣಕ್ಕಾಗಿ ನಿಲ್ಲಿಸಹೊರಟಿದ್ದರು, ದೋಷ ಒಂದೇ. ಇಲ್ಲಿ ಕೇಳಬೇಕಾದ ಪ್ರಶ್ನೆ, ಮುಂದಿನ ವರ್ಷದ ಕಂತು ಎಷ್ಟು, ಅದಕ್ಕೆ ಪ್ರತಿಯಾಗಿ 61ನೆಯ ವಯಸ್ಸಿನಲ್ಲಿ ದೊರೆಯುವ ರಕ್ಷಣೆ ಎಷ್ಟು ಎಂಬುದು. ಅವರಿಗೆ ಸಕ್ಕರೆ ಕಾಯಿಲೆ ಇದೆ. ಮೊದಲೇ ಇದ್ದ ಕಾಯಿಲೆಗಳಿಗೆ ವಿಮೆಯ ಪ್ರಯೋಜನ ದೊರೆಯಲು ಕಾಯಬೇಕಾದ ಅವಧಿಯನ್ನು 2024ರ ನಿಯಮಗಳು ಹೆಚ್ಚೆಂದರೆ 36 ತಿಂಗಳಿಗೆ ಇಳಿಸಿವೆ. ಮೊದಲು ಅದು 48 ತಿಂಗಳಾಗಿತ್ತು. ಸತತವಾಗಿ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆಯಿದ್ದ ಹೊರತು, ಹಿಂದೆ ಇಂಥದನ್ನು ತಿಳಿಸಲಿಲ್ಲವೆಂಬ ಕಾರಣಕ್ಕೆ ಕಂಪನಿ ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಐದು ವರ್ಷಗಳ ಕಂತು ಅವರಿಗೆ ಬಿಟ್ಟುಹೋಗಿರುವ ಆಸ್ತಿ ಇದೇ. ಪಾಲಿಸಿಯನ್ನು ಬಿಟ್ಟು ಎರಡು ವರ್ಷದ ಮೇಲೆ ಹೊಸದನ್ನು ಕೊಳ್ಳಹೋದರೆ ಕಾಯುವುದು ಮೊದಲಿನಿಂದ ಆರಂಭ. ಕಂಪನಿ ಒಪ್ಪುವುದೋ ಇಲ್ಲವೋ ಅದೂ ಅನಿಶ್ಚಿತ. ಕಂಪನಿ ಇಷ್ಟವಿಲ್ಲದಿದ್ದರೆ ಪಾಲಿಸಿಯನ್ನು ನವೀಕರಣದ ಮೊದಲೇ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಬಹುದು, ಕಾದ ಅವಧಿ ಲೆಕ್ಕಕ್ಕೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿ.ಎಸ್.ಟಿ. ಕೂಡ ಇಲ್ಲವಾಗಿದೆ.

ಇಷ್ಟನ್ನೂ ವಿವರಿಸಿದ ಮೇಲೆ ಅವರು ಮರುದಿನವೇ ಕಂತು ಕಟ್ಟಿ, ರಸೀದಿಯನ್ನು ನನಗೆ ತಂದು ತೋರಿಸಿದರು. ದೇವರ ದಯೆಯಿಂದ ಅಂದಿನಿಂದ ಇಂದಿನವರೆಗೆ ಅವರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಪ್ರಸಂಗ ಬಂದಿಲ್ಲ. ಈ ಸಂಚಿಕೆಯ ಜಾಹೀರಾತು ಸಂಗ್ರಹಕ್ಕೆಂದು ಹೋದ ವಾರ ಅವರ ಮನೆಗೆ ಹೋಗಿದ್ದಾಗ, “ಆರು ವರ್ಷವಾಯಿತಲ್ಲ ರಾಯರೇ...” ಎಂದು ಆರಂಭಿಸಿದರು.